ಆರನೇ ಸಾಲು

ಕನ್ನಡಕದಂಗಡಿಯವನು ಹದಿನೆಂಟು ವರ್ಷದಿಂದ ಒಂದು ದೊಡ್ಡ ಕಾದಂಬರಿ ಬರೆಯುತ್ತಿದ್ದ. ಬರೆಯುತ್ತಿದ್ದ ಅನ್ನುವುದು ಅವನ ಮಾತು, ನನ್ನದಲ್ಲ. ದಪ್ಪ ದಪ್ಪ ನೋಟ್‌ಬುಕ್ ಏಳು ಕೊಂಡಿದ್ದ. ಏಳರಲ್ಲೂ ನಾಲ್ಕನೇ ಪುಟ ದಾಟಿರಲಿಲ್ಲ. ಆರಂಭಶೂರರಿಗೊಂದು ಸಂಘವಿದ್ದಿದ್ದರೆ ಇವನೇ ಅಧ್ಯಕ್ಷ, ಎರಡನೇ ಸಭೆಗೆ ಬರುತ್ತಿರಲಿಲ್ಲ ಅಷ್ಟೆ. ಹೆಂಡತಿ ಅವನನ್ನು ‘ನಾಲ್ಕನೇ ಪುಟದೋರು’ ಎಂದೇ ಕರೆಯುತ್ತಿದ್ದಳು.

ಅಂಗಡಿಯಲ್ಲಿ ಹತ್ತಿರದ ದೃಷ್ಟಿ ಪರೀಕ್ಷಿಸಲು ಒಂದು ರಟ್ಟಿನ ಹಲಗೆಯಿತ್ತು, ಅಪ್ಪನ ಕಾಲದ್ದು. ಅದರಲ್ಲಿ ಆರು ಸಾಲು. ಮೊದಲ ಸಾಲು ಹೆಬ್ಬೆರಳಿನಷ್ಟು ದಪ್ಪ, ಕೊನೆಯದು ಇರುವೆ ಸಾಲಿನ ಹಾಗೆ. ‘ಒಬ್ಬ ದಾರಿಹೋಕನು ಬಾಯಾರಿ ಬಾವಿಯ ಬಳಿಗೆ ಬಂದನು’ ಎಂದು ಶುರುವಾಗುವ ಆ ಒಕ್ಕಣೆ ಇಡೀ ಬೀದಿಗೆ ಬಾಯಿಪಾಠವಾಗಿ ಹೋಗಿತ್ತು. ಒಂದು ದಿನ ಎದುರಿನ ಕ್ಷೌರದಂಗಡಿಯವನು ಬಂದು ಆರೂ ಸಾಲನ್ನು ನೀರು ಕುಡಿದ ಹಾಗೆ ಓದಿದ. ಹೊಸ ಗಾಜು ಹಾಕಿಸಿಕೊಂಡು ಹೋದ. ಸಂಜೆ ಗಡ್ಡ ಬೋಳಿಸಿಕೊಳ್ಳಲು ಬಂದವನ ಅರ್ಧ ಮೀಸೆಯನ್ನೂ ಬೋಳಿಸಿಬಿಟ್ಟ. ಆಮೇಲೆ ವಿಚಾರಿಸಿದರೆ, ಹಲಗೆಯನ್ನು ಅವನು ತಲೆಕೆಳಗಾಗಿ ಹಿಡಿದಿದ್ದನಂತೆ!

ಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಕ್ಕು ಸುಸ್ತಾದ ಮೇಲೆ ಹೇಳಿದಳು: “ಅಲ್ರೀ, ದಿನಾ ಒಂದು ಹೊಸದು ಬರೀರಿ. ಆರೇ ಸಾಲು. ಅದರಲ್ಲಿ ನಾಲ್ಕನೇ ಪುಟ ಬರೋದೇ ಇಲ್ವಲ್ಲ, ಎಲ್ಲಿ ಅಂತ ಸಿಕ್ಕಿಹಾಕ್ಕೋತೀರಾ?”

ಮಾತು ನಾಟಿತು. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವ ಮೊದಲೇ ಕೂತ. ಆರು ಸಾಲಿಗೆ ಒಂದೂವರೆ ಗಂಟೆ ಹಿಡಿಯಿತು, ಬೆವರು ಸುರಿಯಿತು. ಪಾರಿವಾಳದ ಬಗ್ಗೆ ಏನೋ ಬರೆದ. ಬರೆದದ್ದು ಸಪ್ಪೆಯೋ ಸಪ್ಪೆ. ಆದರೆ ಮುಗಿದಿತ್ತು! ಜನ್ಮದಲ್ಲಿ ಮೊದಲ ಸಲ ಏನನ್ನೋ ಬರೆದು ಮುಗಿಸಿದ ಖುಷಿಗೆ ಆ ದಿನ ಯಾರ ಜೊತೆಗೂ ಚೌಕಾಸಿ ಮಾಡಲಿಲ್ಲ.

ಕ್ರಮೇಣ ಅದೇ ರೂಢಿಯಾಯಿತು. ಬೆಳಿಗ್ಗೆ ಒಂದು ಕತೆ ಹಾಳೆಯಲ್ಲಿ ಬರೆದು ಹಲಗೆಗೆ ಸಿಕ್ಕಿಸುವುದು, ಸಂಜೆ ಅದು ಬಿಸ್ಕತ್ತಿನ ಡಬ್ಬಕ್ಕೆ. ಕೆಟ್ಟದ್ದೂ ಬಂತು, ತೀರಾ ಕೆಟ್ಟದ್ದೂ ಬಂತು, ಆದರೂ ಬಿಡಲಿಲ್ಲ. ಕತೆಯ ಗುಟ್ಟನ್ನೆಲ್ಲ ಆರನೇ ಸಾಲಿನಲ್ಲಿಡುವ ಚಾಳಿ ಕಲಿತ. ಜನ ಕುರ್ಚಿಯಲ್ಲಿ ಕೂತು, “ಇನ್ನೊಂದು ಗಾಜು ಹಾಕ್ರೀ, ಕೊನೆಗೆ ಏನಾಯ್ತು ನೋಡೋಣ” ಎಂದು ಪೀಡಿಸತೊಡಗಿದರು. ಕ್ಷೌರದಂಗಡಿಯವನಂತೂ ಸರಿಯಾದ ಕನ್ನಡಕ ಸಿಕ್ಕ ಮೇಲೂ ದಿನಾ ಬೆಳಿಗ್ಗೆ ಬಂದು, ಬೀದಿಗೆಲ್ಲ ಕೇಳುವಂತೆ ಓದಿ, ಒಂದು ಕೊಂಕು ನುಡಿದೇ ಹೋಗುತ್ತಿದ್ದ.

ಅವನ ನಂತರ ಬರುತ್ತಿದ್ದವಳು ಇವನ ಅಕ್ಕ. ಪಕ್ಕದ ಅಂಗಡಿ ಅವಳದು, ನಡುವೆ ಬರೀ ಹಲಗೆಯ ಗೋಡೆ. ಹರಿದ ಬಟ್ಟೆಗೆ ಹರಿದದ್ದೇ ಗೊತ್ತಾಗದಂತೆ ರಫೂ ಹಾಕುವುದು ಅವಳ ಕಸುಬು. ಅಪ್ಪ ಅಂಗಡಿಯಲ್ಲಿ, ಅಮ್ಮ ಹಾಸಿಗೆಯಲ್ಲಿ ಇದ್ದ ಕಾಲದಲ್ಲಿ ಇವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಚಹಾ ತಂದಿಟ್ಟು, ಹಲಗೆ ಹಿಡಿದು, ಆರೂ ಸಾಲನ್ನು ಸಲೀಸಾಗಿ ಓದುತ್ತಿದ್ದಳು. “ನೋಡಿದ್ಯಾ, ಅರವತ್ತಾಯ್ತು, ಇನ್ನೂ ಹದ್ದಿನ ಕಣ್ಣು ನನ್ದು!” ತಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ತೊಂಬತ್ತನೆಯ ದಿನವೋ ಏನೋ, ಛತ್ರಿ ಕಳೆದುಕೊಂಡವನ ಕತೆ ಬರೆದ. ಬಸ್ಸಿನ ಕಚೇರಿಗೆ ಹೋಗಿ, ಬೈಸಿಕೊಂಡು, ಹುಡುಕಿಸುತ್ತಾನೆ. ಕೊನೆಗೆ, ‘ಸಿಕ್ಕ ಛತ್ರಿ ಅವನದಲ್ಲ.’

ಕ್ಷೌರದಂಗಡಿಯವನು ಗಟ್ಟಿಯಾಗಿ ಓದಿ ಮುಖ ಹಿಂಡಿದ. “ಕೊನೇಲಿ ಉಪ್ಪಿಲ್ಲ ಸ್ವಾಮಿ.”

ಅವನು ಅತ್ತ ಹೋದ ಮೇಲೆ ಇವನಿಗೂ ಹಾಗೇ ಅನ್ನಿಸಿತು. ಕೊನೆಯ ಸಾಲಿನ ಮೇಲೆ ಚೀಟಿ ಅಂಟಿಸಿ ಹೊಸದಾಗಿ ಬರೆದ: ‘ಅಷ್ಟರಲ್ಲಿ ಮಳೆ ನಿಂತಿತ್ತು.’ ತಿದ್ದಿದ ಸಾಲು ಅವನಿಗೇ ಇಷ್ಟವಾಯಿತು. ಅಕ್ಕ ಮೆಚ್ಚುತ್ತಾಳೆ ಅಂದುಕೊಂಡ.

ಅಕ್ಕ ಬಂದಳು, ಹಲಗೆ ಹಿಡಿದಳು, ಓದಿದಳು. “…ಸಿಕ್ಕ ಛತ್ರಿ ಅವನದಲ್ಲ. ಭೇಷ್ ಕಣೋ!”

ಇವನು ಹಲಗೆಯ ಗೋಡೆಯನ್ನೊಮ್ಮೆ ನೋಡಿದ, ಅಕ್ಕನ ಮುಖವನ್ನೊಮ್ಮೆ ನೋಡಿದ. ತೊಂಬತ್ತು ದಿನವೂ ಅವಳು ಕೇಳಿಸಿಕೊಂಡು ಒಪ್ಪಿಸಿದ್ದಳು. ಚಹಾ ಲೋಟ ಹಿಂದಿರುಗಿಸುವ ನೆಪದಲ್ಲಿ ಅವಳ ಅಂಗಡಿಗೆ ಹೋದರೆ, ಮೇಜಿನ ಮೇಲೆ ಒಂದು ಕಪ್ಪು ಕೋಟು, ಅದಕ್ಕೆ ಅರ್ಧ ಹಾಕಿದ ರಫೂ ನೀಲಿ ದಾರದ್ದು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಆ ಗಾದೆ ತನಗೇ ಹೊಲಿದಿಟ್ಟದ್ದು ಅನ್ನಿಸಿತು. ಊರಿನ ಕಣ್ಣೆಲ್ಲ ನೋಡುವವನು ಅಕ್ಕನ ಕಣ್ಣು ನೋಡಿರಲಿಲ್ಲ. ನಾಚಿಕೆಯಾಯಿತು, ಅಳು ಬಂತು. ಆದರೆ ಬಾಯಿ ಬಿಡಲಿಲ್ಲ. ಜನರೆದುರು ಎತ್ತಿ ಆಡಿದರೆ ಅಕ್ಕ ಸಾಯುವವರೆಗೂ ಆ ಕುರ್ಚಿಗೆ ಕೂರುವವಳಲ್ಲ.

ಮರುದಿನ ಅವಳನ್ನು ಬೇಗ ಕರೆದ. ಬಾಗಿಲು ಇನ್ನೂ ಮುಚ್ಚಿತ್ತು. “ಇವತ್ತಿನದು ಯಾರೂ ಓದಿಲ್ಲ. ನೀನೇ ಮೊದಲು.”

ಅಕ್ಕ ಹಲಗೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ‘ಒಬ್ಬ ಹುಡುಗ ಬೇಲಿ ಹಾರಿ ಹೊಸ ಅಂಗಿ ಹರಿದುಕೊಂಡ. ಅಮ್ಮನಿಗೆ ಹೆದರಿ ಮನೆಯ ಹಿಂದೆ ಅಡಗಿದ.’ ಅಷ್ಟು ಓದಿ ನಿಂತಳು. “ಲೋ, ಇದು ನಿನ್ನ ಕತೆ! ಮುಂದೆ ಓದು, ಕೇಳ್ತೀನಿ.”

“ನಾನು ಓದಲ್ಲ ಅಕ್ಕ. ನೀನೇ ಓದ್ಬೇಕು.”

ಅಕ್ಕ ಹಲಗೆಯನ್ನು ಕೆಳಗಿಟ್ಟಳು. ದನಿ ತಗ್ಗಿಸಿ ಹೇಳಿದಳು: “ರಫೂ ಹಾಕೋಳಿಗೇ ಕಣ್ಣು ಮಂಜು ಅಂತ ಗೊತ್ತಾದ್ರೆ ಯಾರು ಕಣೋ ಬಟ್ಟೆ ಕೊಡ್ತಾರೆ? ಈ ಕೆಲ್ಸ ಬಿಟ್ರೆ ನನಗೇನಿದೆ?”

“ಕಪ್ಪು ಕೋಟಿಗೆ ನೀಲಿ ದಾರ ಹಾಕಿದ್ರೆ ಕೊಡ್ತಾರಾ?”

ಅಕ್ಕ ಹಲಗೆ ಎತ್ತಿಕೊಂಡು ಕುರ್ಚಿಗೆ ಬಂದು ಕೂತಳು. ಒಂದೊಂದೇ ಗಾಜು ಬದಲಿಸುತ್ತ ಹೋದ. ಮೂರನೇ ಸಾಲು ಬಂತು: ‘ಹತ್ತು ವರ್ಷದ ಅಕ್ಕ ಸೂಜಿ ದಾರ ಹಿಡಿದಳು.’ ನಾಲ್ಕು ಬಂತು: ‘ಅದೇ ಅವಳು ಹಾಕಿದ ಮೊದಲ ರಫೂ.’ ಐದು ತಿಣುಕಿ ತಿಣುಕಿ ಬಂತು: ‘ಅಮ್ಮ ತಿರುಗಿಸಿ ಮುರುಗಿಸಿ ನೋಡಿದರೂ ಹರಿದ ಜಾಗ ಸಿಗಲಿಲ್ಲ.’ ಆರನೆಯದು ಯಾವ ಗಾಜಿಗೂ ಬರಲಿಲ್ಲ.

“ಎರಡೂ ಕಣ್ಣಿಗೆ ಪೊರೆ ಬಂದಿದೆ ಅಕ್ಕ. ನನ್ನ ಕೈಲಿಲ್ಲ, ಡಾಕ್ಟರು ತೆಗೀಬೇಕು.”

“ಕೊನೇ ಸಾಲು ಹೇಳ್ಬಿಡು, ಆಮೇಲೆ ನೋಡೋಣ.”

“ಊಹೂಂ.”

ಬೈದಳು, ಮುನಿಸಿಕೊಂಡಳು, ಇವನ ಹೆಂಡತಿಯ ಹತ್ತಿರ ಚಾಡಿ ಹೇಳಿದಳು. ಇವನು ಜಗ್ಗಲಿಲ್ಲ. ಕೊನೆಗೆ, “ನಿನ್ನ ಹಾಳು ಕತೆಗೋಸ್ಕರ ಹೋಗ್ತಿದೀನಿ” ಎಂದು ಗೊಣಗುತ್ತಲೇ ಆಸ್ಪತ್ರೆಗೆ ಹೋದಳು.

ಎರಡೂ ಕಣ್ಣಿನ ಆಪರೇಷನ್ ಮುಗಿಯಲು ಎರಡು ತಿಂಗಳಾಯಿತು. ಇವನು ಒಂದು ದಿನವೂ ತಪ್ಪಿಸದೆ ಬರೆದ, ಡಬ್ಬ ತುಂಬಿ ಇನ್ನೊಂದು ಡಬ್ಬ ಬಂತು. ಕೊನೆಗೊಂದು ಬೆಳಿಗ್ಗೆ ಹೊಸ ಕನ್ನಡಕ ಹಾಕಿಕೊಂಡ ಅಕ್ಕ, ಚಹಾ ಕೂಡ ತರದೆ, ನೇರ ಬಂದು ಕೈ ಚಾಚಿದಳು. ಡಬ್ಬದಿಂದ ಅಂಗಿಯ ಕತೆ ತೆಗೆದು ಹಲಗೆಗೆ ಸಿಕ್ಕಿಸಿ ಕೊಟ್ಟ. ಆರನೇ ಸಾಲನ್ನು ಒಂದೇ ಉಸಿರಿಗೆ ಓದಿದಳು: ‘ಆ ಅಂಗಿ ತಮ್ಮನ ಮೇಜಿನ ಕೆಳಖಾನೆಯಲ್ಲಿ ಇವತ್ತಿಗೂ ಇದೆ.’

ಕೆಳಖಾನೆ ಎಳೆದಳು. ಅಂಗಿ ಇತ್ತು, ಅಂಗೈ ಅಗಲದ ಪುಟ್ಟ ತೋಳಿನದು. ಬೆಳಕಿಗೆ ಹಿಡಿದು ನೋಡಿದವಳೇ ಮೂಗಿನ ಮೇಲೆ ಬೆರಳಿಟ್ಟಳು.

“ಅಯ್ಯೋ ರಾಮ! ಇದೇನೋ ಇದು, ಗೋಣಿಚೀಲ ಹೊಲಿದ ಹಾಗಿದೆ! ಇದು ಅಮ್ಮನಿಗೆ ಕಾಣ್ಲಿಲ್ವಾ? ಬೀದಿ ಆಚೆಯಿಂದ ಕಾಣುತ್ತೆ!” ಥಟ್ಟನೆ ನಿಲ್ಲಿಸಿದಳು. “ಕಂಡಿತ್ತು ಕಣೋ. ಅಮ್ಮನಿಗೆ ಕಂಡಿತ್ತು. ನನ್ನ ಮುಖ ನೋಡಿ ಸುಮ್ನಾಗಿದ್ದಾಳೆ.”

ಅಕ್ಕ ಸೆರಗಿನ ಸೂಜಿ ತೆಗೆದು ಮೊದಲ ಸಲಕ್ಕೇ ದಾರ ಪೋಣಿಸಿದಳು. ಹಳೆಯ ಹೊಲಿಗೆ ಬಿಚ್ಚಲು ಕೈ ಹಾಕಿ, ಯಾಕೋ ಬೇಡವೆನಿಸಿ, ಸೂಜಿಯನ್ನು ಮತ್ತೆ ಸೆರಗಿಗೇ ಚುಚ್ಚಿದಳು.

“ಇದು ಹೀಗೇ ಇರ್ಲಿ,” ಅಂದಳು. “ನೀನು ನಿನ್ನ ಐದನೇ ಸಾಲು ತಿದ್ದು.”

ಹೊರಗೆ ಕ್ಷೌರದಂಗಡಿಯವನು ಆಗಲೇ ಬಾಗಿಲು ಬಡಿಯುತ್ತಿದ್ದ. ಇವನು ಕಣ್ಣೊರೆಸಿಕೊಂಡು, ಸಾಲಿನ ಮೇಲೆ ಒಂದು ಚೀಟಿ ಅಂಟಿಸಿ, ಬರೆಯಲು ಕೂತ.