ಮಂಜಿನಲ್ಲಿ ವಾಲ್‌ಬುರ್ಗ

ಹೊಳೆಯ ಮೇಲೆ ಮಂಜು ಕವಿದರೆ ನಮ್ಮ ಕಡೆಯವರು ದಡದಲ್ಲಿ ನಿಂತು ತಮ್ಮ ಹೆಸರನ್ನು ತಾವೇ ಕೂಗುತ್ತಾರೆ. ದೋಣಿಯವನಿಗೆ ಯಾರೆಂದು ತಿಳಿಯಬೇಕಲ್ಲ. ಎಲ್ಲರದೂ ಒಂದು ಚಿಕ್ಕ ಕೂಗು. ವಾಲ್‌ಬುರ್ಗ ಮಾತ್ರ ತನ್ನ ಹೆಸರನ್ನು ನೂಲಿನಂತೆ ಎಳೆದೆಳೆದು ಕೂಗಿ, ಬೆಟ್ಟ ಅದನ್ನು ಹಿಂದಿರುಗಿಸುವವರೆಗೂ ಕತ್ತು ವಾಲಿಸಿ ನಿಂತಿರುತ್ತಿದ್ದಳು.

"ಕೇಳಿಸ್ತು ಕಣಕ್ಕಾ," ಎನ್ನುತ್ತಿದ್ದ ದೋಣಿಯ ಲಾಂಬರ್ಟ್. "ಬೆಟ್ಟಾನೂ ದೋಣಿ ಹತ್ತುತ್ತಾ, ನೀನೊಬ್ಬಳೇನಾ?"

"ನನ್ ಹೆಸರು ಕೂಗೋರು ಇನ್ಯಾರಿದಾರಪ್ಪ, ಅದನ್ನ ಬಿಟ್ರೆ?"

ಅದು ದಿಟ. ಅಜ್ಜಿಯಿಂದ ಬಂದ ಹೆಸರು. ಅಜ್ಜಿಗೆ ಅವಳ ಅಜ್ಜಿಯಿಂದ. ಈಗ ಊರಿನಲ್ಲಿ ಆ ಹೆಸರಿನವಳು ಇವಳೊಬ್ಬಳೇ, ಮಕ್ಕಳೂ ಇಲ್ಲ. ಹೆಸರು ತನ್ನ ಜೊತೆ ಮಣ್ಣಾಗಬಾರದೆಂಬುದೊಂದೇ ಅವಳ ಆಸೆ. ಬಲಗಾಲನ್ನು ತುಸು ಎಳೆಯುತ್ತ, ತೀರಿಹೋದ ಗಂಡನ ಬೂದಿಬಣ್ಣದ ಉಣ್ಣೆಯ ನಿಲುವಂಗಿಯೊಳಗೆ ಕೈಗಳನ್ನು ಅಡಗಿಸಿಕೊಂಡು ಅವಳು ನಡೆದರೆ, ಮಂಜಿನದೇ ಒಂದು ತುಣುಕಿಗೆ ಕಾಲು ಬಂದಂತೆ ಕಾಣುತ್ತಿತ್ತು.

ಜ್ಞಾನಸ್ನಾನಕ್ಕೆ ಎತ್ತಿಕೊಂಡವಳ ಹೆಸರೇ ಹೆಣ್ಣುಕೂಸಿಗೆ ಎಂಬುದು ನಮ್ಮಲ್ಲಿ ವಾಡಿಕೆ. ನೆರೆಮನೆಯ ಹೆಮ್ಮಾಳ ಚೊಚ್ಚಲ ಮಗಳನ್ನು ವಾಲ್‌ಬುರ್ಗಳೇ ಎತ್ತಿಕೊಂಡಿದ್ದಳು. ಆ ಚಿಕ್ಕ ವಾಲ್‌ಬುರ್ಗ ಹಲ್ಲು ಮೂಡುವ ಮೊದಲೇ ತೀರಿಕೊಂಡಿತು. ಎರಡನೆಯದೂ ಹೆಣ್ಣಾಯಿತು, ಒಮ್ಮೆ ಎತ್ತಿಕೊಂಡವಳನ್ನು ಬಿಟ್ಟು ಬೇರೊಬ್ಬಳನ್ನು ಕರೆಯುವಂತಿರಲಿಲ್ಲ. ಹೆರಿಗೆಗೆ ನೆರವಾಗಲು ಬಂದಿದ್ದ ನನ್ನ ತೋಳು ಹಿಡಿದು ಬಾಣಂತಿ ಪಿಸುಗುಟ್ಟಿದಳು:

"ಅತ್ತೆ, ಆ ಹೆಸರು ಕೇಳಿದ್ರೆ ನಂಗೆ ಆ ಪುಟ್ಟ ಪೆಟ್ಟಿಗೇನೇ ಕಣ್ಮುಂದೆ ಬರುತ್ತೆ. ಅವಳಿಗೆ ಬೇಡ ಅಂತ ಹೇಗೆ ಹೇಳ್ಲಿ?"

"ಸುಮ್ನಿರೇ, ಬಂದ್ಲು."

ವಾಲ್‌ಬುರ್ಗ ಕೈಚಾಚಿದಳು. ಹೆಮ್ಮಾ ಕೂಸನ್ನು ಕೊಟ್ಟಳು. ಸುತ್ತಿದ ಬಟ್ಟೆಯ ಅಂಚನ್ನು ಮಾತ್ರ ಅವಳ ಬೆರಳುಗಳು ಬಿಡಲಿಲ್ಲ. ವಾಲ್‌ಬುರ್ಗ ಆ ಬೆರಳುಗಳನ್ನೇ ನೋಡಿದಳು, ಮೆಲ್ಲಗೆ ಬಿಡಿಸಿದಳು.

ಬಾಣಂತಿ ಇಗರ್ಜಿಗೆ ಬರುವಂತಿಲ್ಲ. ಹೊಳೆಯಾಚೆ ಪಾದ್ರಿಗಳು ಹೆಸರು ಕೇಳಿದಾಗ, ಕೂಸಿನ ನಾಲಿಗೆಗೆ ಮುಟ್ಟಿಸುವ ಉಪ್ಪಿನ ಬಟ್ಟಲು ಹಿಡಿದು ನಾನು ಪಕ್ಕದಲ್ಲೇ ಇದ್ದೆ. ವಾಲ್‌ಬುರ್ಗ ತುಟಿ ತೆರೆದಳು, ಮುಚ್ಚಿದಳು. ಆಮೇಲೆ, "ಹೆಮ್ಮಾ," ಎಂದಳು. "ತಾಯಿ ಹೆಸರೇ ಇರ್ಲಿ, ಸ್ವಾಮಿ."

ಹಿಂದಿರುಗುವಾಗ ಮಂಜು ಕವಿದಿತ್ತು. ದಡದಲ್ಲಿ ಅವಳು ತನ್ನ ಹೆಸರನ್ನು ಕೂಗಲಿಲ್ಲ. ಕೂಸಿನ ಹೆಸರನ್ನು, ಅದೇ ನೂಲಿನ ಎಳೆಯಲ್ಲಿ, ಕೂಗಿದಳು. ಬೆಟ್ಟ ಅದನ್ನು ಹಿಂದಿರುಗಿಸಿತು. ಅದು ಅಡಗಿದ ಮೇಲೆ ಆಚೆ ದಡದಲ್ಲಿ ಬಾಣಂತಿ ಕೋಣೆಯ ಕಿಟಕಿ ತೆರೆದ ಸದ್ದು, ಅದರ ಬೆನ್ನಿಗೇ ಒಂದು ಬಳಲಿದ ದನಿ:

"ವಾಲ್‌ಬುರ್ಗಾ..."

ನಮ್ಮತ್ತ ಬರುತ್ತಿದ್ದ ಲಾಂಬರ್ಟನ ಹುಟ್ಟು ನಡುಹೊಳೆಯಲ್ಲಿ ನಿಂತಿತು. "ಅಕ್ಕಾ, ಇದು ಬೆಟ್ಟ ಅಲ್ಲ."

"ಗೊತ್ತು. ನೀನು ಹುಟ್ಟು ಹಾಕು."

ಹೆಸರನ್ನು ಮಕ್ಕಳಿಗೆ ಬಿಟ್ಟುಹೋಗುವವರು ಬಹಳ. ಇನ್ನೊಬ್ಬಳ ನೆಮ್ಮದಿಗಾಗಿ ಅದನ್ನು ತಮ್ಮೊಡನೆಯೇ ಮುಗಿಯಲು ಬಿಡುವವರು ಅಪರೂಪ. ಅಂಥವರು ಹೋದ ಮೇಲೂ ಮಂಜು ಕವಿದಾಗಲೆಲ್ಲ ದಡದಲ್ಲಿ ನಿಂತವರಿಗೆ, ತಮ್ಮ ಹೆಸರಿಗಿಂತ ಮೊದಲು, ಅವರದನ್ನು ಕೂಗಬೇಕೆನಿಸುತ್ತದೆ.