ಫ್ಲೆಕ್ಸಿಗೆ ಬೇಕಾದ ಆಕಾಶ

ಇತ್ತಂತೆ, ಇರಲಿಲ್ಲವಂತೆ, ಇದ್ದರೂ ಇದ್ದಿರಬಹುದಂತೆ, ನಲವತ್ತು ಕೋಣೆಗಳ ಒಂದು ಅರಮನೆ, ಮೂವತ್ತೊಂಬತ್ತರ ಬೀಗ ತೆಗಿ ಮಗಳೇ, ನಲವತ್ತನೆಯದನ್ನು ಮಾತ್ರ ಮುಟ್ಟಬೇಡ — ಅಜ್ಜಿ ಫಿಕ್ರಿಯ್ಯಾ ಹೀಗೇ ಶುರು ಮಾಡುತ್ತಿದ್ದಳು, ಈಗ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಮೌಸಿನ ಮೇಲಿನ ನನ್ನ ಬೆರಳು ನಿಂತಿರುವುದೂ ಅಂಥದೇ ಬಾಗಿಲ ಮುಂದೆ, ಆಕಾಶಗಳು ಎಂದು ಬರೆದ ಬಾಗಿಲು, ಒತ್ತಿದರೆ ಸಾಲು ಸಾಲು ಆಕಾಶಗಳು ಅಂಚೆಚೀಟಿಗಳ ಹಾಗೆ, ನೀಲಿ, ಕಿತ್ತಳೆ, ಮಿಂಚು ಹೊಡೆದದ್ದು, ಎಲ್ಲ ಯಾರದೋ ಊರಿನವು, ನಮ್ಮೂರು ಎಸ್ನಾದ ಆಕಾಶ ಮಾತ್ರ ಇಲ್ಲ, ಧೂಳು ಕುಡಿದು ಬಿಳಿಚಿಕೊಂಡ ನಮ್ಮ ಜೂನ್ ಆಕಾಶವನ್ನು ಪೆಟ್ಟಿಗೆಯಲ್ಲಿಟ್ಟು ಕೊಡುವ ಪುಣ್ಯಾತ್ಮರು ಯಾರು — ಅದು ಹಾಕೇ ಸಬ್ರೀನ್, ಆ ಗುಲಾಬಿದು, ಬೆನ್ನ ಹಿಂದಿನಿಂದ ದೊಡ್ಡಮ್ಮ ಇನ್ಸಾಫ್, ಅವಳ ಉಸಿರು ನನ್ನ ಕುತ್ತಿಗೆಗೆ, ಈರುಳ್ಳಿ ಮತ್ತು ಏಲಕ್ಕಿ, ಗುಲಾಬಿ ಆಕಾಶದ ಕೆಳಗೆ ಕಾಬಾ ನಿಲ್ಲಿಸು, ಮುಂದೆ ಇವರನ್ನು, ನಿನ್ನ ದೊಡ್ಡಪ್ಪನನ್ನು, ನಿಲ್ಲಿಸು, ಪಾರಿವಾಳ ಹಾರಿಸು, ವಿಮಾನ ಮರೀಬೇಡ, ಆಮೇಲೆ ಕಣ್ಣ ಕೆಳಗಿನ ಆ ಚೀಲ ತೆಗಿ, ಕೋರ್ಟಿಗೆ ಹೋದವನ ಮುಖ ಆಗಿದೆ, ಹಜ್‌ಗೆ ಹೋದವನದಲ್ಲ, ಸ್ವಲ್ಪ ನಗಿಸು. ನಗಿಸುತ್ತೇನೆ ದೊಡ್ಡಮ್ಮ. ಮೇಲೆ ಹಾಜಿ ಅಬ್ದುಲ್ ಮೌಗೂದ್ ಅವರಿಗೆ ಸ್ವಾಗತ ಅಂತ ದಪ್ಪಕ್ಷರ, ಕೆಳಗೆ ಅಂಗಡಿ ಹೆಸರು, ಟೈಲ್ಸ್ ಮತ್ತು ಬಚ್ಚಲುಮನೆ ಸಾಮಾನು, ಫೋನ್ ನಂಬರು ಎರಡೂ. ದೇವರ ಮನೆಗೂ ಫೋನ್ ನಂಬರು. ಅಜ್ಜಿಯ ಹೆಸರು ಎಲ್ಲಿ ಹಾಕಲಿ ದೊಡ್ಡಮ್ಮ, ಎಂದು ಕೇಳಿದೆ, ಎಷ್ಟು ಮೆತ್ತಗೆ ಕೇಳಿದೆ ಎಂದರೆ ನನಗೇ ಅಸಹ್ಯವಾಯಿತು.

ಯಾಕೆಂದರೆ ಈ ಸಲದ ಹಜ್ ಅಜ್ಜಿಯದು, ಅಂಗೈಯ ನೆಲ್ಲಿಕಾಯಿಯಷ್ಟು ಸ್ಪಷ್ಟ, ದೊಡ್ಡಪ್ಪ ತನ್ನ ಪಾಲಿನದನ್ನು ಐದು ವರ್ಷದ ಹಿಂದೆಯೇ ಮುಗಿಸಿಕೊಂಡು ಬಂದಿದ್ದಾನೆ, ಆಗಿನ ಫ್ಲೆಕ್ಸ್ ಇನ್ನೂ ಅವನ ಗೋಡೆಯಲ್ಲಿ ಬಿಸಿಲಿಗೆ ಸುಲಿಯುತ್ತಿದೆ, ಈ ಬಾರಿ ಸತ್ತ ತಾಯಿಯ ಹೆಸರಿನಲ್ಲಿ, ತಾಯಿ ಎಮ್ಮೆ ಮಾರಿ ತೆಗೆದಿಟ್ಟಿದ್ದ ಹಣದಲ್ಲಿ, ಶೋಕದ ಶಾಮಿಯಾನದಲ್ಲಿ ಕುರ್ಚಿಯಿಂದ ಎದ್ದು ನಿಂತು ಕೇರಿಗೆಲ್ಲ ಕೇಳುವ ಹಾಗೆ ಹೇಳಿದನಲ್ಲ, ಅಮ್ಮ ನೋಡದ್ದನ್ನ ಅಮ್ಮನ ಹೆಸರಲ್ಲಿ ನಾನು ನೋಡಿ ಬರ್ತೀನಿ ಅಂತ, ಎಲ್ಲರೂ ಅತ್ತರು, ನಾನೂ ಅತ್ತೆ, ಮೂರ್ಖಿ. ಬದುಕಿದ್ದಾಗ ಕಳಿಸಲಿಲ್ಲ. ಒಂದು ವರ್ಷ ಮೊಣಕಾಲು ಅಂದ, ಒಂದು ವರ್ಷ ಸೆಕೆ ಅಂದ, ಕೊನೆಗೆ ಅವಳ ಗದ್ದದ ಹಚ್ಚೆ, ಮೂರು ಹಸಿರು ಗೆರೆ, ಹುಡುಗಿಯಾಗಿದ್ದಾಗ ಸೂಜಿಯ ಕಟ್ಟಿನಿಂದ ಚುಚ್ಚಿ ಮಸಿಯ ಮೇಲೆ ಎಲೆಯ ರಸ ತಿಕ್ಕಿದ್ದು, ಹಚ್ಚೆ ಇಟ್ಕೊಂಡು ಹೇಗಮ್ಮ ಹೋಗ್ತೀಯಾ, ಅದು ಪಾಪ ಅಂತ ಹೇಳ್ತಾರೆ, ಮೊದಲು ಅದನ್ನ ತೆಗೆಸೋಣ. ಮಗನ ಮಾತು ಕೇಳಿ ಅವಳು ಬಾವಿಕಟ್ಟೆಯ ಇಟ್ಟಿಗೆಚೂರು ತೆಗೆದುಕೊಂಡು ಗದ್ದ ಉಜ್ಜಿದಳು, ರಕ್ತ ಬಂತು, ಗೆರೆ ಹೋಗಲಿಲ್ಲ, ರಕ್ತ ಒರೆಸಿದರೆ ಮತ್ತೆ ಅದೇ ಮೂರು ಹಸಿರು ಗೆರೆ. ತರಕಾರಿಯವನು ಮರ್ಯಾದೆಗೆ ಬನ್ನಿ ಹಾಜಿಯಮ್ಮ ಅಂದರೆ ತಕ್ಕಡಿಯಲ್ಲಿದ್ದ ಬೆಂಡೆಕಾಯನ್ನು ಅವನ ಕಡೆಗೇ ಸುರಿಯುತ್ತಿದ್ದಳು, ಹೋಗದವಳನ್ನ ಹಾಜಿಯಮ್ಮ ಅಂತೀಯಲ್ಲೋ ಕತ್ತೆ, ದೇವರೆದುರು ನನ್ನನ್ನ ಸುಳ್ಳಿ ಮಾಡ್ತೀಯಾ, ಹೋಗಿ ಬಂದ ಮೇಲೆ ಕರಿ, ಅಲ್ಲಿವರೆಗೆ ಫಿಕ್ರಿಯ್ಯಾ. ಕೊನೆಯ ವಾರ, ಹಾಸಿಗೆಯಲ್ಲಿ, ನನ್ನ ಮಣಿಕಟ್ಟು ಹಿಡಿದು, ಯಾರಾದರೂ ನನ್ನ ಹೆಸರಲ್ಲಿ ಹೋಗಿ ಬರ್ತಾರೆ ಸಬ್ರೀನ್, ಬಂದ ದಿನ ಆ ಹೆಸರು ನೀನು ಬರೀಬೇಕು, ನಿನ್ನ ಕೈ ಚೆಂದ, ದೊಡ್ಡದಾಗಿ ಬರಿ, ನನಗೆ ಕಣ್ಣು ಸರಿಯಿಲ್ಲ. ಬರೀತೀನಜ್ಜಿ. ಆಣೆ? ಆಣೆ.

ಕೆಳಗೆ ಜಾಗ ಉಳಿದರೆ ಸಣ್ಣದಾಗಿ ಹಾಕು, ಅಂದಳು ದೊಡ್ಡಮ್ಮ, ಫೋನ್ ನಂಬರಿಗೆ ತಾಗಬಾರದು, ಅವರ ಹೆಸರಲ್ಲಿ ಮಾಡಿದ್ದು ಅಲ್ಲಾಹನಿಗೆ ಗೊತ್ತು, ಅಷ್ಟು ಸಾಕಲ್ಲ. ಹಾಗಾದರೆ ನಿನ್ನ ಗಂಡನ ಹೆಸರೂ ಅವನೊಬ್ಬನಿಗೆ ಗೊತ್ತಿದ್ದರೆ ಸಾಕಲ್ಲ, ಅನ್ನಲಿಲ್ಲ, ನಾಲಿಗೆಯ ತುದಿಯಲ್ಲಿ ಮೆಣಸಿನ ಹಾಗೆ ಕೂತಿತ್ತು, ನುಂಗಿದೆ. ಸ್ಟುಡಿಯೋ ಯಜಮಾನ ವಗ್ದಿ ಸಾಹೇಬರು ಒಳಗಿಂದ, ಗಿರಾಕಿ ಹೇಳಿದ್ದು ಮಾಡಮ್ಮ, ನಿನ್ನ ಅಜ್ಜಿಕತೆ ಮನೇಲಿ, ಎಂದು ಹೇಳಿ ಊಟಕ್ಕೂ ನಿದ್ದೆಗೂ ಹೋದರು, ದೊಡ್ಡಮ್ಮ ಬಾತುಕೋಳಿ ಸುಲಿಸಲು ಹೋದಳು, ಸಂಜೆ ಲಕ್ಸರ್ ವಿಮಾನ ನಿಲ್ದಾಣದಿಂದ ಮೈಕ್ರೋಬಸ್ಸು ಬರುವುದರೊಳಗೆ ಕೇರಿಯ ಬಾಯಿಗೆ ಫ್ಲೆಕ್ಸ್ ಕಟ್ಟಬೇಕು, ಬಂದು ನೋಡ್ತೀನಿ, ಮುಗಿದಿರಬೇಕು, ಅಂದಿದ್ದಳು. ಚಪ್ಪಲಿಯ ಸದ್ದು ದೂರವಾಯಿತು. ಫ್ಯಾನು ಬಿಸಿಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದೆ, ನಾನು ಬೀಗ ತೆಗೆಯುತ್ತಿದ್ದೇನೆ, ಒಂದೊಂದೇ ಕೋಣೆ, ಈ ಫೋಟೋ ತಿದ್ದುವ ಸಾಫ್ಟ್‌ವೇರ್ ಮಾಡಿದವರು ಏನೆಲ್ಲ ತುಂಬಿಟ್ಟು ಹೋಗಿದ್ದಾರೆ, ಯಾರೂ ತೆರೆಯದ ಕೋಣೆಗಳು, ಹುಲ್ಲಿನ ಬ್ರಷ್, ಉದುರುವ ಎಲೆಯ ಬ್ರಷ್, ಮರಗಳ ಉಗ್ರಾಣ, ಆನೆಯ ಆಕಾರ, ದೋಣಿಯ ಆಕಾರ, ಬೆಂಕಿ, ಅಮೃತಶಿಲೆ, ತುಕ್ಕು, ಅಭ್ಯಾಸಕ್ಕೆಂದು ಇಟ್ಟ ಚಿತ್ರಗಳಲ್ಲಿ ಹಿಮದ ಮೇಲೆ ನಗುವ ಹಳದಿ ಕೂದಲಿನವಳೊಬ್ಬಳು, ಇವಳ ಗದ್ದದಲ್ಲಿ ಏನೂ ಇಲ್ಲ, ಸುಣ್ಣದ ಗೋಡೆ. ಮುಖಗಳ ಕೋಣೆಯಲ್ಲಿ ನಗುವಿನ ಕೀಲಿ, ಬಲಕ್ಕೆ ಎಳೆದರೆ ನಗು, ಎಡಕ್ಕೆ ಎಳೆದರೆ ದುಃಖ, ದೊಡ್ಡಪ್ಪನನ್ನು ಬಲಕ್ಕೆ ಎಳೆದೆ, ಕೊನೆಯವರೆಗೂ, ಹಜ್ ಯಾತ್ರಿಕರ ಇಹ್ರಾಮಿನ ಬಿಳಿಬಟ್ಟೆಯಲ್ಲಿ ಅವನು ಹಲ್ಲು ಬಿಟ್ಟ, ಟೈಲ್ಸ್‌ನಂಥ ಹಲ್ಲು, ಒಡೆದದ್ದು ಒಂದೂ ಇಲ್ಲ, ರಕ್ಕಸಿ ನಗುತ್ತಿದ್ದರೆ ಎದುರಿಗೆ ಹೋಗಬೇಡ ಮಗಳೇ, ನಕ್ಕರೆ ಹಸಿದಿದ್ದಾಳೆ ಅಂತ ಅರ್ಥ, ಅನ್ನುತ್ತಿದ್ದಳು ಅಜ್ಜಿ. ಆಮೇಲೆ ಅಳಿಸುವ ಕೋಣೆ. ಸುತ್ತಲೂ ಒಂದು ಗೆರೆ ಎಳೆದು ಒತ್ತಿದರೆ ಅದು ಕೇಳುವುದೇ ಇಲ್ಲ, ಯಾರು ಇವನು, ಯಾಕೆ ತೆಗೆಯುತ್ತೀ, ಒಂದು ಉಸಿರಿನಲ್ಲಿ ದೊಡ್ಡಪ್ಪ ಇದ್ದ ಜಾಗದಲ್ಲಿ ಗುಲಾಬಿ ಆಕಾಶ ತುಂಬಿಕೊಂಡಿತು, ನೆರಳೂ ಉಳಿಯಲಿಲ್ಲ. ಎಷ್ಟು ಸುಲಭ. ಅವನು ಅವಳಿಗೆ ಮಾಡಿದ್ದೂ ಇಷ್ಟೇ ಸುಲಭವಾಗಿ.

ಅಜ್ಜಿಯದು ಇರುವುದು ಒಂದೇ ಫೋಟೋ, ಗುರುತಿನ ಚೀಟಿಯದು, ಹೆಬ್ಬೆರಳಿನ ಉಗುರಿನಷ್ಟು, ಕ್ಯಾಮೆರಾದವನಿಗೆ ಶಾಪ ಹಾಕುತ್ತಿರುವ ಹಾಗೆ ಬಾಯಿ ಬಿಗಿದು. ಹಿರಿದು ಮಾಡಿದರೆ ಬರೀ ಚೌಕ ಚೌಕ, ಕಣ್ಣೊಂದು ಚೌಕ, ಮೂಗೊಂದು ಚೌಕ, ಆದರೆ ಇದಕ್ಕೂ ಒಂದು ಕೋಣೆಯಿದೆ, ಸಣ್ಣದನ್ನು ತಾನೇ ಊಹಿಸಿ ದೊಡ್ಡದು ಮಾಡುವ ಜಿನ್ನು, ಒತ್ತಿದೆ, ಕಾದೆ, ಅಜ್ಜಿ ನೀರಿನ ಆಳದಿಂದ ಏಳುವ ಹಾಗೆ ಮೇಲೆದ್ದಳು, ರೆಪ್ಪೆಗಳು ಬಂದವು, ತಲೆಬಟ್ಟೆಯ ನೇಯ್ಗೆ ಬಂತು, ಗದ್ದ ಬಂತು — ಗದ್ದ ಖಾಲಿ. ಜಿನ್ನು ಅದನ್ನು ಕಲೆ ಎಂದುಕೊಂಡು ತೊಳೆದಿತ್ತು. ಮತ್ತೆ ಮಾಡಿದೆ, ಮತ್ತೆ ತೊಳೆಯಿತು, ಇಟ್ಟಿಗೆಗೆ ಹೋಗದ್ದು, ರಕ್ತ ಬಂದರೂ ಹೋಗದ್ದು, ಇದಕ್ಕೆ ಒಂದು ಚಿಟಿಕೆಯ ಕೆಲಸ, ನೀನೂ ಅವನ ಕಡೆಯವನೇನೋ, ಗಟ್ಟಿಯಾಗಿಯೇ ಬೈದೆ. ಹಾಳಾದ್ದು, ಅವಳನ್ನೂ ಒಂದು ಸಲ ನಗಿಸೋಣ ಎಂದು ಕೀಲಿ ಎಳೆದುಬಿಟ್ಟೆ, ಬಾಯಿ ತೆರೆಯಿತು, ಒಳಗೆ ಹಿಮದವಳ ಹಲ್ಲುಗಳು, ನನ್ನ ಬೊಚ್ಚುಬಾಯಿಯ ಅಜ್ಜಿಗೆ, ತಕ್ಷಣ ರದ್ದು ಮಾಡಿದೆ, ಕ್ಷಮಿಸು ಅಜ್ಜಿ, ಬಾಯಿ ಮುಚ್ಚಿಕೋ. ಬ್ರಷ್‌ಗಳ ಕೋಣೆಗೆ ವಾಪಸ್ಸು ಓಡಿದೆ, ಇದ್ದಿಲು, ತೇವದ ಶಾಯಿ, ಒಣ ಬಣ್ಣ, ನೂರಾರು, ಯಾವುದರಿಂದ ಎಳೆದರೂ ತುಟಿಬಣ್ಣದ ಹಾಗೆ ಮೇಲೆಯೇ ಕೂರುತ್ತಿತ್ತು, ಚರ್ಮದೊಳಗೆ ಇಳಿಯುತ್ತಿರಲಿಲ್ಲ, ಕೊನೆಗೆ ತೀರಾ ಕೆಳಗೆ, ಚುಕ್ಕಿ ಚುಕ್ಕಿಯಾಗಿ ಸಿಡಿಯುವ ಒಂದು, ಅದನ್ನು ಸೂಜಿಮೊನೆಯಷ್ಟು ಸಣ್ಣದು ಮಾಡಿ ಎಳೆಯುವ ಬದಲು ಚುಚ್ಚಿದೆ, ಚುಚ್ಚಿದೆ, ಚುಚ್ಚಿದೆ, ಮಸಿಯ ಮೇಲೆ ಹಸಿರು, ಒಂದು ಗೆರೆ, ಎರಡು, ಮೂರು. ಅಜ್ಜಿ ನನ್ನನ್ನು ನೋಡಿದಳು. ಹೌದು, ನೀನೇ. ಗುಲಾಬಿ ಆಕಾಶ ಕಿತ್ತೆಸೆದು, ಕಿಟಕಿಯಿಂದ ಫೋನ್ ಹೊರಚಾಚಿ ನಮ್ಮದೇ ಬಿಳಿಚಿದ ಆಕಾಶದ ಫೋಟೋ ತೆಗೆದು ಹಿಂದೆ ಹಾಸಿದೆ, ಟೈಲ್ಸ್ ಇಲ್ಲ, ನಂಬರಿಲ್ಲ, ಪಾರಿವಾಳ ಎರಡು ಬಿಟ್ಟೆ, ಅವಳಿಗೆ ಇಷ್ಟ, ಹೆಸರಿಗೆ ಅಲ್ಲಿದ್ದ ಯಾವ ಅಕ್ಷರವನ್ನೂ ಮುಟ್ಟದೆ ಹಾಳೆಯ ಮೇಲೆ ನನ್ನ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿ ಒಳಗೆ ತಂದೆ, ಪ್ರಿಂಟ್ ಒತ್ತಿದೆ.

ಯಂತ್ರ ಅತ್ತಿತ್ತ ಓಡುತ್ತದೆ, ಅಡ್ಡಗೆರೆ ಅಡ್ಡಗೆರೆಯಾಗಿ ಅಜ್ಜಿ ಹೊರಬರುತ್ತಾಳೆ, ಹಣೆ, ಹುಬ್ಬು, ಒಂದೊಂದೂ ಮೊರದಗಲದ ಕಣ್ಣು, ಶಾಯಿಯ ವಾಸನೆ, ಅದರ ಮೇಲೆ ಈರುಳ್ಳಿ — ಇವರೆಲ್ಲೇ, ದೊಡ್ಡಮ್ಮ ಬಾಗಿಲಲ್ಲಿ, ಕೈಯಲ್ಲಿ ಬಾತುಕೋಳಿಯ ಚೀಲ, ನನ್ನ ಗಂಡ ಎಲ್ಲಿ? ಬರ್ತಾ ಇದ್ದಾರೆ ದೊಡ್ಡಮ್ಮ, ಲಕ್ಸರ್ ದಾಟಿರಬೇಕು. ಹಲ್ಕಾ ಹುಡುಗಿ, ತಮಾಷೆ ಮಾಡ್ತೀಯಾ, ಸತ್ತ ಹೆಂಗಸಿನ ಮುಖಾನ ಬೀದೀಲಿ ನೇತುಹಾಕ್ತಾರೇನೇ? ಆಯುಷ್ಯವಿಡೀ ಅದೇ ಬೀದೀಲಿ ಹೊಸಿಲ ಮೇಲೆ ಕೂತಿದ್ದ ಮುಖ ದೊಡ್ಡಮ್ಮ, ಯಾರಿಗೂ ಹೊಸದಲ್ಲ. ನಿಲ್ಲಿಸೇ ಅದನ್ನ, ಹರಿದು ಹಾಕ್ತೀನಿ. ಹರೀರಿ, ಅಂದೆ, ಈ ಸಲ ನುಂಗಲಿಲ್ಲ, ಹರೀರಿ, ಶಾಮಿಯಾನದಲ್ಲಿ ಕೇರಿಯೆಲ್ಲ ಕೇಳಿಸ್ಕೊಂಡಿದೆ ಅಮ್ಮನ ಹೆಸರಲ್ಲಿ ಹೋಗ್ತೀನಿ ಅಂದಿದ್ದು, ಯಾರು ಹರಿದಿದ್ದು ಅಂತ ಕೇಳಿದರೆ ನಾನು ಹೇಳ್ತೀನಿ, ಹರೀದೆ ಕಟ್ಟಿದರೋ, ದೊಡ್ಡಪ್ಪ ಮೈಕ್ರೋಬಸ್ಸಿಂದ ಇಳಿದು ಎಲ್ಲರೆದುರು ಕೈ ಎತ್ತಿ ಅಮ್ಮನಿಗೆ ದುಆ ಮಾಡಲೇಬೇಕು, ಬೇರೆ ದಾರಿ ಇಲ್ಲ, ಎಂಥಾ ಮಗ ಅಂತಾರೆ ಜನ, ಎಂಥಾ ಮಗ. ದೊಡ್ಡಮ್ಮ ಲೆಕ್ಕ ಹಾಕುತ್ತಿದ್ದಾಳೆ, ಅವಳ ಮುಖದಲ್ಲಿ ಅದು ಕಾಣುತ್ತದೆ, ನಿನ್ನ ನಾಲಿಗೆಗೆ ಹುಳ ಬೀಳಲಿ ಸಬ್ರೀನ್. ಬೀಳಲಿ. ಗದ್ದ ಬಂತು. ಅವಳು ಬಗ್ಗಿ ನೋಡಿದಳು, ಥೂ, ಇದನ್ನಾದರೂ ಅಳಿಸಬಾರದಿತ್ತಾ, ಎಂದು ಬೆರಳಿಗೆ ಉಗುಳು ಹಚ್ಚಿ ಫ್ಲೆಕ್ಸನ್ನು ಉಜ್ಜುತ್ತಾಳೆ, ಮೇಲಿಂದ ಕೆಳಗೆ, ಇನ್ನೂ ಜೋರಾಗಿ, ಯಂತ್ರ ತನ್ನ ಪಾಡಿಗೆ ಕೊನೆಯ ಸಾಲನ್ನು ಬಿಡುತ್ತದೆ, ನನ್ನ ಕೈಯ ಅಕ್ಷರ, ಮೊಳದೆತ್ತರ, ಹಾಜಿಯಮ್ಮ, ಆಮೇಲೆ ಫಿಕ್ರಿಯ್ಯಾ, ಪೂರ್ತಿ, ಯಂತ್ರ ನಿಂತಿತು, ಬರೆದೆ ಅಜ್ಜಿ, ದೊಡ್ಡಮ್ಮನ ಬೆರಳಿಗೆ ಹಸಿರು ಅಂಟಿದೆ, ಅವಳು ಅದನ್ನು ತಲೆಬಟ್ಟೆಯ ಅಂಚಿಗೆ ಒರೆಸುತ್ತಿದ್ದಾಳೆ, ಮತ್ತೆ ಒರೆಸುತ್ತಿದ್ದಾಳೆ, ಫ್ಲೆಕ್ಸಿನ ಮೇಲೆ ಗೆರೆ ಮೂರೂ ಇವೆ, ಮೂರು ಹಸಿರು ಗೆರೆ, ಮೂರು ಹಸಿರು ಗೆರೆ