ಕರಡಿಯ ತುಟಿ, ಕಾಲಿಪಾ ಎಜೆಯ ಕಿವಿ

೧

ಕಿವಿಯಿಂದ ಶುರು ಮಾಡಲೋ, ಕರಡಿಯಿಂದಲೋ? ಕರಡಿಯಿಂದ ಶುರು ಮಾಡಿದರೆ ಮಕ್ಕಳ ಕಥೆ ಅಂದುಕೊಂಡು ನೀವು ಎದ್ದು ಹೋಗುತ್ತೀರಿ. ಕಿವಿಯಿಂದ ಶುರು ಮಾಡಿದರೆ ಪತ್ರಿಕೆಯ ಆರೋಗ್ಯದ ಪುಟ ಅಂದುಕೊಳ್ಳುತ್ತೀರಿ. ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಹಿಮ ಬೀಳುತ್ತಿತ್ತು ಎಂದು ಶುರು ಮಾಡಬಹುದು. ಆದರೆ ಹಿಮ ಬೀಳುತ್ತಾ ಶುರುವಾಗುವ ಕಥೆಗಳನ್ನು ನಾನೇ ಓದುವುದಿಲ್ಲ.

ಕರಡಿ ಇರುವ ಕಥೆಗೆ ಕರಡುಗಳೂ ಜಾಸ್ತಿ ಎಂದು ಕಾಣುತ್ತದೆ. (ಕ್ಷಮಿಸಿ. ಇಂಥದ್ದು ಇನ್ನು ಮಾಡುವುದಿಲ್ಲ.) ಹರಿದು ಹಾಕಿದ ಮೊದಲ ಕರಡು ಹೀಗಿತ್ತು: ‘ಕಾಲಿಪಾ ಒಬ್ಬ ಬಡಪಾಯಿ ಮುದುಕಿ. ಅವಳ ಕಿವಿ ನೋಯುತ್ತಿತ್ತು.’

ಇದನ್ನು ಕಾಲಿಪಾ ಅವರ ಅಡುಗೆಮನೆಯಲ್ಲೇ ಕೂತು ಅವರಿಗೇ ಓದಿ ಹೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

‘ಬಡಪಾಯಿ ಯಾರು, ಮುದುಕಿ ಯಾರು? ಅದರಲ್ಲಿ ಕಿವಿ ಮಾತ್ರ ನಂದು. ಮಿಕ್ಕಿದ್ದೆಲ್ಲ ಹೊಡೆದು ಹಾಕು.’

ಹೊಡೆದು ಹಾಕಿದೆ.

೧ (ಇನ್ನೊಮ್ಮೆ)

ಪರದೇಶದ ಸಿನಿಮಾಗಳ ಮಾತನ್ನು ಕಿರ್ಗಿಜ್‌ಗೆ ತರುವುದು ನನ್ನ ಕೆಲಸ. ಆ ಮಾತಿಗೆ ದನಿ ಕೊಡುವುದು ಕಾಲಿಪಾ ಎಜೆಯ ಕೆಲಸ. (ಎಜೆ ಅಂದರೆ ನಮ್ಮಲ್ಲಿ ಅಕ್ಕ. ಹಾಗೆ ಕರೆಯದಿದ್ದರೆ ಅವರು ಓಗೊಡುವುದಿಲ್ಲ, ಕೇಳಿಸಿದರೂ.) ರೇಡಿಯೊ ನಾಟಕಗಳಿದ್ದ ಕಾಲದಲ್ಲಿ ಅವರು ರಾಣಿಯಾಗಿದ್ದರು, ಮಾಟಗಾತಿಯಾಗಿದ್ದರು, ಒಂದು ಸಲ ಕುದುರೆಯೂ ಆಗಿದ್ದರು. ನಾಟಕಗಳು ನಿಂತ ಮೇಲೆ ಟಿವಿಗೆ ಬಂದರು. ಅಲ್ಲಿ ಹಿಂದೆ ರಷ್ಯನ್ ಮಾತು ಓಡುತ್ತಿದ್ದರೆ, ಅದರ ಮೇಲೆ ಒಬ್ಬರೇ ಕೂತು ಗಂಡು, ಹೆಣ್ಣು, ಪೊಲೀಸು, ಕಳ್ಳ ಎಲ್ಲರ ಮಾತನ್ನೂ ಕಿರ್ಗಿಜ್‌ನಲ್ಲಿ ಸಪ್ಪಗೆ ಓದಬೇಕು. ‘ಅದು ದನಿ ಕೊಡೋದಲ್ಲ, ಪಂಚಾಂಗ ಓದೋದು’ ಅನ್ನುತ್ತಿದ್ದರು. (ಪಂಚಾಂಗ ಅಂದದ್ದು ನಾನು. ಅವರು ಅಂದದ್ದು ಹವಾಮಾನ ವರದಿ. ಕನ್ನಡದಲ್ಲಿ ಬರೆಯುವಾಗ ಇಷ್ಟು ಸ್ವಾತಂತ್ರ್ಯ ಬೇಡವೇ?)

ಈಗ ಕಿವಿ. ಕಾಲಿಪಾ ಎಜೆಯ ಕಿವಿ ದೊಡ್ಡದು. ತಲೆಯಿಂದ ಹೊರಗೆ ಚಾಚಿಕೊಂಡು ನಿಂತದ್ದು. ನರಿನ್ ಕಡೆಯ ಅವರ ಹಳ್ಳಿಯಲ್ಲಿ ಆ ಮನೆಯವರಿಗೆಲ್ಲ ಸೌಟುಗಿವಿಯವರು ಎಂದೇ ಹೆಸರು. ಬೇರೆಯವರಾದರೆ ಕೂದಲು ಬಿಟ್ಟು ಮುಚ್ಚಿಕೊಳ್ಳುತ್ತಿದ್ದರು. ಇವರು ಕೂದಲನ್ನು ಎಳೆದು ಹಿಂದಕ್ಕೆ ಕಟ್ಟುತ್ತಾರೆ, ಕಿವಿ ಚೆನ್ನಾಗಿ ಕಾಣಲಿ ಎಂದು.

೨

ಕೊನೆಗೂ ಒಂದು ದೊಡ್ಡ ಸಿನಿಮಾ ಬಂತು. ಕಾರ್ಟೂನು, ಆದರೆ ಥಿಯೇಟರಿನಲ್ಲಿ ಓಡುವಂಥದ್ದು; ಪ್ರತಿ ಪಾತ್ರಕ್ಕೂ ಒಂದೊಂದು ದನಿ, ತುಟಿಗೆ ಸರಿಯಾಗಿ ಮಾತು. ತಾಯಿ ಕರಡಿಯ ಪಾತ್ರ ಕಾಲಿಪಾ ಎಜೆಗೆ ಸಿಕ್ಕಿತು. ಆ ದಿನ ಅವರು ಸ್ಟುಡಿಯೊದವರಿಗೆಲ್ಲ ಹಿಟ್ಟಿನ ಬೋರ್ಸೋಕ್ ಕರಿದು ತಂದರು. ತಟ್ಟೆ ಕೊಡುವಾಗ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಸಂತೋಷ ಕಂಡುಬಿಟ್ಟರೆ ಗೌರವ ಕಡಿಮೆಯಾಗುತ್ತದೆ ಎಂದು ಅವರ ನಂಬಿಕೆ.

ಸಿನಿಮಾದ ಜೊತೆಗೇ ಹೊಸ ಹೆಡ್‌ಫೋನುಗಳೂ ಬಂದವು. ಕರಿ ಬಣ್ಣ, ಒಳ್ಳೇ ತೂಕ, ಇಡೀ ಕಿವಿ ಮುಚ್ಚುವ ಮೆತ್ತೆ. ತಲೆಯನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುತ್ತಿದ್ದವು. ಹಾಗೆ ಹಿಡಿಯಲೇಬೇಕು, ದನಿ ಕೊಡುವವರು ಲಯಕ್ಕೆಂದು ಒಳಗೆ ಕೇಳಿಸಿಕೊಳ್ಳುವ ರಷ್ಯನ್ ಮಾತು ಹೊರಗೆ ಸೋರಿ ಮೈಕಿಗೆ ಬಿದ್ದರೆ ಕೆಟ್ಟಿತು ಎಂದ ಎಮಿಲ್. ಎಮಿಲ್ ನಮ್ಮ ಸೌಂಡ್ ಎಂಜಿನಿಯರ್, ತನ್ನ ಯಂತ್ರಗಳನ್ನು ಯಾರಾದರೂ ಹೊಗಳಿದರೆ ಕೆಂಪಗಾಗುವ ಹುಡುಗ.

ಎಲ್ಲರೂ ಹಾಕಿಕೊಂಡು ನೋಡಿ ಹೊಗಳಿದರು. ಯಾರ ಕಿವಿಯ ಅಳತೆಗೆ ಮಾಡಿದ್ದೋ, ನಮ್ಮೆಲ್ಲರ ಕಿವಿಯೂ ಆ ಮೆತ್ತೆಯೊಳಗೆ ಹೋಯಿತು. ಕಾಲಿಪಾ ಎಜೆಯದು ಹೋಗಲಿಲ್ಲ. ಮೆತ್ತೆ ಕಿವಿಯ ಮೇಲೇ ಕೂತಿತು.

ಆ ನೋವು ನಿಮಗೆ ಗೊತ್ತಿರಬಹುದು. ಮೊದಲು ಏನೂ ಇಲ್ಲ. ಆಮೇಲೆ ಕಿವಿ ಬಿಸಿಯಾಗುತ್ತದೆ. ಆಮೇಲೆ ಮೇಲಿನ ಅಂಚು ಮೆತ್ತೆಗೂ ಕನ್ನಡಕದ ಕಡ್ಡಿಗೂ ನಡುವೆ ಸಿಕ್ಕಿ, ಬಾಗಿಲಸಂದಿಗೆ ಬೆರಳು ಸಿಕ್ಕಿಕೊಂಡ ಹಾಗಾಗುತ್ತದೆ, ಆದರೆ ಬಾಗಿಲನ್ನು ಯಾರೂ ತೆಗೆಯುವುದಿಲ್ಲ. ಅಲ್ಲಿಂದ ದವಡೆಗೆ ಇಳಿದು ಹಲ್ಲಿಗೆ ಬರುತ್ತದೆ. ತೆಗೆದಾಗ ಹಾಯೆನಿಸುತ್ತದೆ ಅಂದುಕೊಂಡಿರಾ? ರಕ್ತ ವಾಪಸು ಹರಿದು ಬರುವಾಗ ಇನ್ನೂ ಜೋರು. ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ತಲೆಸ್ಕಾರ್ಫಿನ ಅಂಚು ತಗುಲಿದರೂ ಕಣ್ಣಲ್ಲಿ ನೀರು.

(ನೀವೂ ಹೆಡ್‌ಫೋನ್ ಹಾಕಿಕೊಂಡೇ ಇದನ್ನು ಓದುತ್ತಿದ್ದರೆ ಒಮ್ಮೆ ತೆಗೆದು ಕಿವಿ ತಿಕ್ಕಿಕೊಂಡು ಬನ್ನಿ. ಕಾಯುತ್ತೇನೆ.)

ಕಾಲಿಪಾ ಎಜೆ ಯಾರಿಗೂ ಹೇಳಲಿಲ್ಲ.

೪

ಮೂರನೆಯ ಭಾಗವನ್ನು ಅವರು ತೆಗೆಸಿದರು. ನಾನು ಅದರಲ್ಲಿ ಬಹಳ ಚೆಂದವಾಗಿ, ಒಬ್ಬರ ಕಿವಿಯ ಮೇಲೆ ಇನ್ನೊಂದು ಭಾಷೆ ಕೂತು ಒತ್ತುವ ನೋವು ಎಂದೆಲ್ಲ ಬರೆದಿದ್ದೆ. ವಿಮರ್ಶಕರಿಗೆ ಖಂಡಿತ ಹಿಡಿಸುತ್ತಿತ್ತು. ಎಜೆ ಪೂರ್ತಿ ಕೇಳಿ, ಇದರಲ್ಲಿ ಯಾರ ಕಿವಿ ನೋಯುತ್ತಿದೆ ಎಂದು ಕೇಳಿದರು. ನಿಮ್ಮದೇ ಎಂದೆ. ಹಾಗೆ ಕಾಣುವುದಿಲ್ಲ, ಇದು ಭಾಷಣ ಮಾಡುವವರ ಕಿವಿ, ನನ್ನದು ಮಾಂಸ ಮತ್ತು ಎಲುಬಿನದು ಎಂದರು.

ಸರಿ, ನಡೆದದ್ದನ್ನು ಹೇಳುತ್ತೇನೆ.

ನೋವು ತಡೆಯಲಾರದೆ ಅವರು ಮಾತಿನ ನಡುವೆ ಒಂದು ಬೆರಳಿನಿಂದ ಎಡಗಡೆಯ ಮೆತ್ತೆಯನ್ನು ತುಸು ಎತ್ತಿ ಹಿಡಿಯತೊಡಗಿದರು. ಆ ಸಂದಿಯಿಂದ ರಷ್ಯನ್ ಕರಡಿ ಹೊರಗೆ ಬಂದಳು. ಅವರ ಕಿರ್ಗಿಜ್ ಮಾತಿನ ಹಿಂದೆ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳತೊಡಗಿತು. ಎಮಿಲ್ ಇನ್ನೊಂದು ಟೇಕ್ ಕೇಳುವನು. ಎಜೆ ಮೆತ್ತೆಯನ್ನು ಗಟ್ಟಿಯಾಗಿ ಒತ್ತಿಕೊಳ್ಳುವರು, ಒತ್ತಿಕೊಂಡಾಗ ನೋವಿಗೆ ಮಾತು ತಪ್ಪುವುದು. ಮತ್ತೊಂದು ಟೇಕ್.

ಗಾಜಿನ ಈಚೆ ಕೂತಿದ್ದ ಡೈರೆಕ್ಟರ್ ಜಿಬೆಕ್‌ಗೆ ಕಂಡದ್ದು ಬೇರೆ. ವಯಸ್ಸಾದ ಹೆಂಗಸು, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾಳೆ, ಮಾತು ತಡವಾಗಿ ಬರುತ್ತದೆ. ಕಿವಿ ಮಂದವಾಗಿದೆ ಎಂದು ತೀರ್ಮಾನಿಸಿದಳು. ಅವಳನ್ನು ಕೆಟ್ಟವಳನ್ನಾಗಿ ಬರೆಯುವ ಆಸೆ ನನಗೂ ಇತ್ತು, ಆದರೆ ಅವಳು ಕೆಟ್ಟವಳಲ್ಲ. ಸಿನಿಮಾ ಮುಗಿಸಿ ಕೊಡಬೇಕಿತ್ತು, ಅಷ್ಟೆ. ಮುಖ್ಯವಾದ ದೃಶ್ಯ ಒಂದು ಉಳಿದಿತ್ತು: ನದಿಯ ಹಿಮಗಡ್ಡೆ ಒಡೆದು ಮರಿ ಒಂದು ತುಂಡಿನ ಮೇಲೆ ತೇಲಿ ಹೋಗುತ್ತದೆ, ತಾಯಿ ದಡದಲ್ಲಿ ಓಡುತ್ತಾ ಕೂಗುತ್ತಾಳೆ.

ಜಿಬೆಕ್ ಸ್ಟುಡಿಯೊದ ಕಾರಿಡಾರಿನಲ್ಲಿ ಎಜೆಯನ್ನು ನಿಲ್ಲಿಸಿಕೊಂಡು, ಬಹಳ ಮರ್ಯಾದೆಯಿಂದಲೇ, ಕರಡಿಯನ್ನು ಒಬ್ಬ ಹೆಸರಾದ ಗಾಯಕಿಗೆ ಕೊಡುವ ಆಲೋಚನೆ ಇದೆ, ನೀವು ಬಾತುಕೋಳಿ ಅಜ್ಜಿಯ ಪಾತ್ರ ಮಾಡಿ, ಮಾತು ಕಡಿಮೆ, ಆಯಾಸವಾಗುವುದಿಲ್ಲ ಎಂದಳು. ಅರ್ಥವಾಗಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದಳು. ಆ ಜೋರಿನಿಂದಲೇ ಕೆಟ್ಟಿತು.

‘ನಿನ್ನೆ ಆ ರೂಮಿನ ಬಾಗಿಲು ಹಾಕ್ಕೊಂಡು ನೀನು ಫೋನಲ್ಲಿ, ಆ ಹಾಡೋ ಹುಡುಗಿ ಮಂಗಳವಾರ ಖಾಲಿ ಇದ್ದಾಳಾ ಅಂತ ಕೇಳಿದ್ದು ನನಗೆ ಇಲ್ಲಿಗೆ ಕೇಳಿಸ್ತು’ ಎಂದರು ಕಾಲಿಪಾ ಎಜೆ. ‘ಅದಕ್ಕೆ ಮುಂಚೆ ನಿನ್ನ ಹೊಟ್ಟೆ ಗುರ್ ಅಂದಿದ್ದೂ ಕೇಳಿಸ್ತು. ಹೊತ್ತುಹೊತ್ತಿಗೆ ಊಟ ಮಾಡು. ನನ್ನ ಕಿವಿ ಚೆನ್ನಾಗಿದೆ ಜಿಬೆಕ್. ನೋಯ್ತಿದೆ, ಅಷ್ಟೆ.’

ಅಷ್ಟು ದಿನದಲ್ಲಿ ಆ ಮಾತನ್ನು ಅವರು ಹೇಳಿದ್ದು ಅದೇ ಮೊದಲು. ಆಡಿದ ಮೇಲೆ ತಾವೇ ಗೋಡೆಯ ಕಡೆ ತಿರುಗಿದರು. ಜಿಬೆಕ್ ಹತ್ತಿರ ಹೋಗಿ ನೋಡಿದಳು. ಎಡಗಿವಿಯ ಮೇಲಂಚು ಕೆಂಪಗಾಗಿ ಊದಿತ್ತು, ಹಿಂದುಗಡೆ ಕನ್ನಡಕದ ಕಡ್ಡಿ ಒತ್ತಿದಲ್ಲಿ ಚರ್ಮ ಸುಲಿದಿತ್ತು.

‘ಮೊದಲೇ ಯಾಕೆ ಹೇಳ್ಲಿಲ್ಲ ಎಜೆ?’

ಈ ಪ್ರಶ್ನೆಗೆ ನಾನು ಹಲವು ಉತ್ತರಗಳನ್ನು ಬರೆದು ನೋಡಿದ್ದೇನೆ. ಕಲೆಗಾಗಿ, ಭಾಷೆಗಾಗಿ, ಹಳೇ ಗುರುಗಳು ಕಲಿಸಿದ ಶಿಸ್ತಿಗಾಗಿ. ಎಲ್ಲಕ್ಕೂ ಎಜೆ ತಲೆಯಾಡಿಸಿ ಬೇಡ ಎಂದರು. ಅವರು ಆ ದಿನ ಹೇಳಿದ್ದು ಇಷ್ಟು:

‘ವಯಸ್ಸಾದ ಹೆಂಗಸು ನೋವು ಅಂದ್ರೆ ಎಲ್ಲರೂ ಓಡಿ ಹೋಗಿ ಕುರ್ಚಿ ತರ್ತಾರೆ. ಪಾತ್ರ ಯಾರೂ ತರಲ್ಲ.’

೫

ಆಮೇಲಿನದ್ದು ಉಪಚಾರದ ಕಾಂಡ. ಜಿಬೆಕ್ ಗಾಯಕಿಗೆ ಬರಬೇಡ ಅನ್ನಲಿಲ್ಲ, ಎಜೆಗೆ ಮಂಗಳವಾರದ ತನಕ ನೋಡೋಣ ಅಂದಳು. ಎಮಿಲ್ ನನ್ನ ದಪ್ಪ ನಿಘಂಟನ್ನು ಕೇಳಿ ತೆಗೆದುಕೊಂಡು ಹೋಗಿ, ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿ ಹಿಗ್ಗಿಸಲು ಇಟ್ಟ. (ನನ್ನ ಪದಗಳು ಈ ಕಥೆಯಲ್ಲಿ ಮಾಡಿದ ಏಕೈಕ ಉಪಕಾರ ಅದು ಎಂದು ಎಜೆ ಇಲ್ಲಿ ಸೇರಿಸಲು ಹೇಳಿದರು.) ಹಿಗ್ಗಿತು, ಸಡಿಲವಾಯಿತು, ಸೋರಿತು. ಎಜೆಯ ಸೊಸೆ ಉಣ್ಣೆಯ ಕಂಬಳಿಯಿಂದ ಬಳೆಯಾಕಾರದ ಎರಡು ಮೆತ್ತೆ ಕತ್ತರಿಸಿ ಕಳಿಸಿದಳು. ಒತ್ತುವುದು ಕಡಿಮೆಯಾಯಿತು, ಆದರೆ ತುರಿಕೆ, ಜೊತೆಗೆ ಕುರಿ ವಾಸನೆ, ಸೋರುವುದಂತೂ ಇದ್ದೇ ಇತ್ತು. ಹಳೇ ಹಗುರ ಹೆಡ್‌ಫೋನಿಂದ ಇನ್ನೂ ಸೋರಿತು.

ಆಗ ಎಜೆ ಕನ್ನಡಕ ತೆಗೆದಿಟ್ಟರು. ಅದು ಓದುವ ಕನ್ನಡಕ, ಇಲ್ಲದಿದ್ದರೆ ಹಾಳೆ ಕಾಣುವುದಿಲ್ಲ. ಪರದೆ ಕಾಣುತ್ತದೆ. ಹಾಗಾದರೆ ಮಾತೆಲ್ಲ ಬಾಯಿಪಾಠವಾಗಬೇಕು. ಭಾನುವಾರ ಇಡೀ ಅಡುಗೆಮನೆಯಲ್ಲಿ ಕರಡಿಯ ಮಾತು ಉರು ಹೊಡೆದರು. ನಾನು ಮರಿಯ ಪಾತ್ರ ಮಾಡಿದೆ. ಮರಿ ತೀರಾ ಪೆದ್ದಾಗಿ ಕೂಗುತ್ತಿದೆ ಎಂದು ಬೈಸಿಕೊಂಡೆ.

ಕಡ್ಡಿ ಒತ್ತುವುದು ತಪ್ಪಿತು. ಮೆತ್ತೆ ಒತ್ತುವುದು ತಪ್ಪಲಿಲ್ಲ.

೬

ಮಂಗಳವಾರ. ಗಾಯಕಿ ಬರುವುದು ಮಧ್ಯಾಹ್ನಕ್ಕೆ. ಬೆಳಿಗ್ಗೆ ಎಜೆ ಮೈಕಿನ ಮುಂದೆ ನಿಂತರು, ಹೆಡ್‌ಫೋನ್ ಹಾಕಿಕೊಂಡರು, ಒಂದು ಸಾಲು ಹೇಳಿ ನಿಲ್ಲಿಸಿದರು. ತಲೆಯಿಂದ ಅದನ್ನು ತೆಗೆದು ಮೊಳೆಗೆ ನೇತುಹಾಕಿದರು.

‘ಎಮಿಲ್, ಆ ಹೆಂಗಸನ್ನ ಸುಮ್ಮನಿರಿಸು. ಕರಡಿ ಬಾಯಿ ನನಗೆ ಕಾಣಿಸ್ತಿದೆ, ಸಾಕು.’

ಹೆಂಗಸೆಂದರೆ ರಷ್ಯನ್ ದನಿ. ಜಿಬೆಕ್ ಇದು ಆಗದ ಕೆಲಸ ಎಂದಳು. ನಾನೂ ಒಳಗೊಳಗೇ ಹಾಗೇ ಅಂದುಕೊಂಡೆ. ನನ್ನ ಮಾತುಗಳನ್ನು ಜೋಡಿಸಿದ್ದೇ ಆ ರಷ್ಯನ್ ದನಿಯ ಲಯಕ್ಕೆ. ಕರಡಿಯ ತುಟಿ ಕೂಡಿದಲ್ಲಿ ಪ, ಬ, ಮ ಬರಲಿ ಎಂದು ತಿಣುಕಿದ್ದೆ. ಏನೂ ಕೇಳಿಸಿಕೊಳ್ಳದೆ, ಸದ್ದಿಲ್ಲದ ಚಿತ್ರದ ಮುಂದೆ ನಿಂತು ಅದನ್ನೆಲ್ಲ ಹೇಗೆ ಹಿಡಿಯುತ್ತಾರೆ?

ಮೊದಲ ಸಲ ತಡವಾಯಿತು. ಎರಡನೆಯ ಸಲ ಮುಂದೋಡಿತು. ಜಿಬೆಕ್ ಗಡಿಯಾರ ನೋಡಿಕೊಂಡಳು. ಎಜೆ ನೀರು ಕೇಳಲಿಲ್ಲ, ಕುರ್ಚಿಯನ್ನೂ ಕೇಳಲಿಲ್ಲ. ಮೈಕಿನಿಂದ ಕಣ್ಣು ತೆಗೆದು ಕರಡಿಯ ಬಾಯಿಯ ಮೇಲೆ ನೆಟ್ಟರು, ತೊಟ್ಟಿಲ ಮಗುವಿನ ಬಾಯಿ ನೋಡುವ ಹಾಗೆ.

ಹಿಮಗಡ್ಡೆ ಒಡೆಯಿತು. ಮರಿ ತೇಲಿತು. ತಾಯಿ ಬಾಯಿ ತೆರೆದಳು. ನಾನು ಬರೆದಿದ್ದ ಮರಿಯ ಹೆಸರನ್ನು ಎಜೆ ಹೇಳಲಿಲ್ಲ. ‘ಬೋತೋಮ್’ ಎಂದು ಕೂಗಿದರು. ದಡದುದ್ದಕ್ಕೂ ಓಡುತ್ತಾ ಮತ್ತೆ ಮತ್ತೆ ಅದನ್ನೇ ಕೂಗಿದರು, ದನಿ ಒಡೆಯಿತು, ಒಡೆದ ದನಿಯನ್ನೇ ಎತ್ತಿಕೊಂಡು ಓಡಿದರು. ಬೋ ಅನ್ನುವಾಗ ಕರಡಿಯ ಕೂಡಿದ ತುಟಿ ಬಿಚ್ಚಿತು. ಮ್ ಅನ್ನುವಾಗ ಕೂಡಿತು. ಎಲ್ಲಿಯೂ ತಪ್ಪಲಿಲ್ಲ.

ಬೋತೋಮ್ ಅಂದರೆ ನನ್ನ ಒಂಟೆಮರಿಯೇ ಎಂದು. ಕರಡಿ ತನ್ನ ಮರಿಯನ್ನು ಒಂಟೆಮರಿ ಎಂದು ಕರೆಯುವುದುಂಟೇ ಎಂದು ನಾನು ತಕರಾರು ತೆಗೆಯಬೇಕಿತ್ತು, ಅದಕ್ಕೇ ನನ್ನನ್ನು ಇಟ್ಟುಕೊಂಡಿರುವುದು. ತೆಗೆಯಲಿಲ್ಲ. ನನ್ನ ಅವ್ವ ನನ್ನನ್ನು ಕರೆಯುತ್ತಿದ್ದುದೂ ಹಾಗೆಯೇ. ಎಮಿಲ್‌ನ ಅವ್ವನೂ ಹಾಗೆಯೇ ಇರಬೇಕು, ಅವನು ಯಂತ್ರ ನಿಲ್ಲಿಸುವುದನ್ನು ಮರೆತು ಕೂತಿದ್ದ.

ಜಿಬೆಕ್ ಫೋನ್ ಎತ್ತಿಕೊಂಡು ಹೊರಗೆ ಹೋದಳು. ಬಂದು, ಗಾಯಕಿ ಬಾತುಕೋಳಿ ಅಜ್ಜಿಯ ಪಾತ್ರಕ್ಕೆ ಒಪ್ಪಿದ್ದಾಳೆ ಎಂದಳು. ಎಜೆ ಕೂದಲನ್ನು ಇನ್ನಷ್ಟು ಬಿಗಿಯಾಗಿ ಹಿಂದಕ್ಕೆ ಕಟ್ಟಿಕೊಂಡು, ಊದಿದ ಕಿವಿಯನ್ನು ಎಲ್ಲರಿಗೂ ತೋರಿಸುತ್ತಾ ಹೊರಗೆ ಬಂದರು.

ಕೊನೆ

ಥಿಯೇಟರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

(ಎಜೆ: ‘ಯಾರೂ ಹೊಡೀಲಿಲ್ಲ. ಎಲ್ಲರೂ ಮಕ್ಕಳ ಟೋಪಿ ಹುಡುಕ್ತಿದ್ರು.’)

ಇನ್ನೊಂದು ಕೊನೆ

ಕಿವಿಯ ನೋವು ಪೂರ್ತಿ ವಾಸಿಯಾಯಿತು.

(ಇಲ್ಲ. ಥಂಡಿ ಗಾಳಿ ಬೀಸಿದರೆ ಆ ಅಂಚು ಈಗಲೂ ಚುಳ್ ಅನ್ನುತ್ತದೆಯಂತೆ. ಆದರೂ ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ.)

ಮೂರನೆಯದು

ಇದು ನಾನು ಕಣ್ಣಾರೆ ಕಂಡದ್ದು, ಹಾಗಾಗಿ ಇದನ್ನು ತೆಗೆಸಲು ಬಿಡುವುದಿಲ್ಲ. ಸಿನಿಮಾ ಓಡುತ್ತಿದ್ದಷ್ಟು ಹೊತ್ತೂ ಕಾಲಿಪಾ ಎಜೆ ಪರದೆಯನ್ನು ನೋಡಲೇ ಇಲ್ಲ. ಅರ್ಧ ತಿರುಗಿ ಕೂತು, ಪರದೆಯ ಬೆಳಕಿನಲ್ಲಿ ಹಿಂದಿನ ಸಾಲುಗಳ ಜನರ ಕಿವಿಗಳನ್ನು ನೋಡುತ್ತಿದ್ದರು, ಒಂದಾದ ಮೇಲೊಂದು, ತಮ್ಮ ದನಿ ಒಳಗೆ ಹೋಗುವುದು ಕಾಣಿಸುತ್ತದೇನೋ ಎಂಬಂತೆ. ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆ. ನಿಲ್ಲಿಸಿಯೂ ಇದ್ದೆ.

ಆದರೆ ಇವತ್ತು ಬೆಳಿಗ್ಗೆ ಹೊಸ ಸಿನಿಮಾ ಬಂದಿದೆ. ಎಜೆಯ ಪಾತ್ರ ಒಬ್ಬ ಕಾವಲು ಭಟನದು. ತಲೆಯಿಂದ ಕುತ್ತಿಗೆಯ ತನಕ ಕಬ್ಬಿಣದ ಮುಸುಕು. ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ತೆಗೆಯುವುದಿಲ್ಲ. ತುಟಿಯೇ ಕಾಣುವುದಿಲ್ಲ. ನೋಡುವುದಕ್ಕೆ ಬಾಯಿಯೇ ಇಲ್ಲದ ಮೇಲೆ ಹೆಡ್‌ಫೋನ್ ಹಾಕದೆ ವಿಧಿಯಿಲ್ಲ. ಎಮಿಲ್ ತಲೆ ಕೆರೆದುಕೊಂಡು ನಿಂತಿದ್ದಾನೆ, ಜಿಬೆಕ್ ಉಗುರು ಕಚ್ಚುತ್ತಿದ್ದಾಳೆ. ನಾನು ಮುಗಿಸಿದ್ದ ಕಥೆ ಮತ್ತೆ ಬಾಯಿ ತೆರೆದು ಕೂತಿದೆ. ಪಾತ್ರ ಒಪ್ಪಬೇಡಿ ಎಜೆ ಎಂದು ನಾನು ಕೈಮುಗಿದು ಕೇಳಿಕೊಂಡೆ.

ಅವರು ಮೈಕಿನ ಎತ್ತರ ಸರಿಮಾಡಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

‘ತುಟಿ ಇಲ್ದಿದ್ರೆ ಇನ್ನೂ ಒಳ್ಳೇದಾಯ್ತಲ್ಲ ತಂಗಿ. ನಾನು ಯಾವಾಗ ಮಾತಾಡ್ತೀನೋ, ಅವನೂ ಆಗಲೇ ಮಾತಾಡಬೇಕು.’